ಹಲ್ಲಿನಿಂದ ಕೇಳುತ್ತಿದ್ದ ದುಂಡಪ್ಪ

"ಶಬ್ದ ಹೋಯ್ತು" ಎಂದು ನಾನು ಅವತ್ತು ಬೆಳಿಗ್ಗೆ ಹೇಳದೇ ಇದ್ದಿದ್ದರೆ ದುಂಡಪ್ಪನ ಮುಂದಿನ ನಾಲ್ಕು ಹಲ್ಲು ಇವತ್ತಿಗೂ ಅವನ ಬಾಯಲ್ಲೇ ಇರುತ್ತಿದ್ದವೇ? ಐದು ದಿನದಿಂದ ನನಗೆ ಇದೊಂದೇ ಯೋಚನೆ. ಕುಕ್ಕರ್ ಎಷ್ಟು ಸಲ ಕೂಗಿತೆಂದು ಎಣಿಸುವುದು ಮರೆಯುತ್ತೇನೆ. ಮಗಳಿಗೆ ಸ್ನಾನ ಮಾಡಿಸಿ, ತಲೆ ಒರೆಸಿ, ಮತ್ತೆ ಬಿಸಿನೀರು ಕಾಯಲು ಇಡುತ್ತೇನೆ. ನನ್ನ ಗಂಡ ರವಿಕುಮಾರ್ ಫೋನಿನಲ್ಲಿ, "ನೀನು ಹೇಳಿದ್ದು ಎರಡು ಮಾತು. ಎರಡು ಮಾತಿಗೆ ಯಾರೂ ಹಲ್ಲು ಕಳ್ಕೊಳ್ಳಲ್ಲ ಕಣೆ" ಅನ್ನುತ್ತಾರೆ. ಅವರು ಅವತ್ತು ಊರಲ್ಲಿರಲಿಲ್ಲ. ಔಷಧಿ ಕಂಪನಿಯ ಕೆಲಸ, ತಿಂಗಳಲ್ಲಿ ಹದಿನೈದು ದಿನ ಹಾಸನ, ಶಿವಮೊಗ್ಗ. ರಸ್ತೆಯಲ್ಲಿ ಬಿದ್ದಿದ್ದ ಹಲ್ಲನ್ನು ಅವರು ನೋಡಿಲ್ಲ.

ದುಂಡಪ್ಪ ಈಗ ಜೈಲಿನಲ್ಲಿದ್ದಾನೆ. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟು, ದವಡೆಗೆ ತಂತಿ ಬಿಗಿದು, ಅಲ್ಲಿಂದಲೇ ಕರೆದುಕೊಂಡು ಹೋದರಂತೆ. ಕೊಲೆ ಮಾಡಲು ಬಂದ ಎಂದು ಕೇಸು. ನಾಳೆ ಜಾಮೀನಿನ ಅರ್ಜಿ ಕೋರ್ಟಿಗೆ ಬರುತ್ತದೆ.

ತಿಲಕ್ ನಗರದ ಕಡೆಯಿಂದ ಬಿಟಿಎಂ ಲೇಔಟಿಗೆ ಬರುವಾಗ ನಮ್ಮ ರಸ್ತೆ ತಿರುಗುವ ಮೂಲೆಯಲ್ಲಿ ಒಂದು ಹೊಂಗೆ ಮರ, ಅದರ ಕೆಳಗೆ ಕಲ್ನಾರಿನ ಶೀಟಿನ ಶೆಡ್ಡು. ಅದೇ ದುಂಡಪ್ಪನ ಗ್ಯಾರೇಜು. ಬೋರ್ಡಿಲ್ಲ. ನಲವತ್ತು ದಾಟಿದ ಆಳು, ಗಿಡ್ಡ, ಕತ್ತು ಇಲ್ಲವೇ ಇಲ್ಲ ಎನ್ನುವಷ್ಟು ದಪ್ಪ ಭುಜ. ಮದುವೆಯಾಗಿ ಈ ರಸ್ತೆಗೆ ಬಂದ ಮೊದಲ ವಾರವೇ ಅವನು ಒಬ್ಬ ಸ್ಕೂಟರಿನವನ ಕಪಾಳಕ್ಕೆ ಹೊಡೆದದ್ದನ್ನು ನೋಡಿದೆ. ಹೊಡೆತಕ್ಕೆ ಆ ಮನುಷ್ಯನ ಕನ್ನಡಕ ಹಾರಿ ಚರಂಡಿಗೆ ಬಿತ್ತು. ಅವನ ತಪ್ಪೆಂದರೆ, ದುಂಡಪ್ಪ ಎಂಜಿನ್ ಕೇಳುತ್ತಿರುವಾಗ ಹಾರ್ನ್ ಮಾಡಿದ್ದ. ಅವತ್ತಿನಿಂದ, ಮಗುವಾದ ಮೇಲಂತೂ, ರಸ್ತೆಯ ಇನ್ನೊಂದು ಬದಿಯಲ್ಲೇ ಹೋಗುತ್ತಿದ್ದೆ.

ಎಂಜಿನ್ ಕೇಳುವುದು ಎಂದೆನಲ್ಲ, ಅವನು ಕೇಳುತ್ತಿದ್ದದ್ದು ಹಲ್ಲಿನಿಂದ. ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಯಲ್ಲಿ ಗುಂಯ್ ಎನ್ನುವ ನಾದ ಸದಾ ಇರುತ್ತಿತ್ತಂತೆ. ಹಿಂದೆ ಹುಬ್ಬಳ್ಳಿಯ ಲಾರಿ ಶೆಡ್ಡಿನಲ್ಲಿ ಕೆಲಸ ಕಲಿಯುತ್ತಿದ್ದಾಗ, ಒಂದು ನಟ್ಟು ಕೈಜಾರಿ ಎಂಜಿನ್ ಒಳಗೆ ಬಿದ್ದದ್ದಕ್ಕೆ ಅಲ್ಲಿಯ ಉಸ್ತಾದ ದೊಡ್ಡ ಸ್ಪ್ಯಾನರಿನಿಂದ ಕಿವಿಯ ಮೇಲೇ ಬಾರಿಸಿದ್ದ. ಮೂರು ದಿನ ಕಿವಿಯಿಂದ ರಕ್ತ ಸುರಿದಿತ್ತು. ನಾಲ್ಕನೇ ದಿನ ಮತ್ತೆ ಕೆಲಸಕ್ಕೆ ಹೋದನಂತೆ. ಕಿವಿ ಹೋದ ಮೇಲೆ ಬೇರೆ ದಾರಿ ಕಂಡುಕೊಂಡ. ಮೊಳಕ್ಕಿಂತ ಉದ್ದದ ಒಂದು ಕಬ್ಬಿಣದ ಸರಳಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಇನ್ನೊಂದು ತುದಿಯನ್ನು ಮುಂದಿನ ಹಲ್ಲುಗಳಲ್ಲಿ ಕಚ್ಚಿ ಹಿಡಿಯುತ್ತಿದ್ದ. ಕಣ್ಣು ಮುಚ್ಚಿ, ಒಂದು ಕೈಯನ್ನು ಮೇಲಕ್ಕೆತ್ತಿರುತ್ತಿದ್ದ. ಆ ಕೈ ಇಳಿಯುವ ತನಕ ಯಾರೂ ಮಾತಾಡುವಂತಿಲ್ಲ.

"ಕಿವಿ ಸುಳ್ಳು ಹೇಳ್ತೈತ್ರಿ ಮೇಡಂ. ಕಿವೀಗೆ ಎಲ್ಲಾ ಕಡಿಂದ ಗದ್ದಲ ಬರ್ತೈತಿ. ಹಲ್ಲಿಗೆ ಬರೂದು ಒಂದ ಕಡಿಂದ" ಎಂದು ಆಮೇಲೆ ಒಂದು ದಿನ ನನಗೆ ಹೇಳಿದ್ದ.

ಒಳ್ಳೆಯ ಮನುಷ್ಯ ಎಂದು ನಾನು ಬರೆಯಲಾರೆ. ಅವನ ಹೆಂಡತಿ ಕೆಂಚವ್ವ ಪಿಜಿಗಳ ಹುಡುಗರಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ಅವಳೇ ಒಮ್ಮೆ ನಗುತ್ತ ಹೇಳಿದಳು: "ಲಗ್ನಾದ ಹೊಸದಾಗಿ ಭಾಳ ಬಡೀತಿದ್ದ ಅಕ್ಕಾರ. ಒಂದಿನ ನಾನೂ ಕಾದ ಹಂಚು ಎತ್ತಿ ಬೆನ್ನಿಗೆ ಇಟ್ಟೆ. ಸುಟ್ಟ ಕಲಿ ಇನ್ನೂ ಐತಿ, ಅಂಗಿ ತೆಗದಾಗ ನೋಡ್ರಿ. ಆಮ್ಯಾಗ ಇಬ್ರೂ ಬಿಟ್ವಿ." ತೊಂಬತ್ತೊಂದರಲ್ಲಿ ಅವರು ಬೆಂಗಳೂರಿಗೆ ಬಂದರು. ಆ ವರ್ಷವೇ ಕಾವೇರಿ ಗಲಾಟೆ. ಲಾರಿಗಳು ಉರಿಯುತ್ತಿದ್ದಾಗ ದುಂಡಪ್ಪನೂ ಗುಂಪಿನ ಜೊತೆ ಓಡಿದ್ದ. "ನಾನೂ ಎರಡು ಗ್ಲಾಸ್ ಒಡದೇನ್ರಿ. ಯಾಕ ಅಂತ ಕೇಳಿದ್ರ ಗೊತ್ತಿಲ್ಲ. ಕೈಯಾಗ ರಾಡ್ ಇತ್ತು, ಮುಂದ ಗ್ಲಾಸ್ ಇತ್ತು." ಹೀಗೆ ಹೇಳುವಾಗ ಅವನ ಮುಖದಲ್ಲಿ ಹೆಮ್ಮೆಯೂ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ.

ಇಂಥವನ ಬಳಿಗೆ ನಾನಾಗಿಯೇ ಹೋಗಿದ್ದು ಸೀನುವಿನ ಪಿಕಪ್ಪಿನಿಂದಾಗಿ.

ಸೀನು ನಮ್ಮ ಮನೆಯ ಮಾಲೀಕರಾದ ಪಿಳ್ಳಪ್ಪನವರ ಮಗ. ಲೇಔಟ್ ಆಗುವ ಮೊದಲು ಇಲ್ಲೆಲ್ಲ ರಾಗಿ ಹೊಲ, ಅದರಲ್ಲಿ ಒಂದು ಭಾಗ ಪಿಳ್ಳಪ್ಪನವರದು. ಈಗ ಹೊಲವಿದ್ದ ಕಡೆ ಅವರ ಮೂರು ಕಟ್ಟಡಗಳಿವೆ, ರಸ್ತೆಯಲ್ಲಿ ಅರ್ಧಕ್ಕರ್ಧ ಜನ ಅವರ ಬಾಡಿಗೆದಾರರು, ಉಳಿದರ್ಧ ಅವರ ನೆಂಟರು. ನಾವು ಎರಡನೇ ಮಹಡಿಯಲ್ಲಿದ್ದೇವೆ. ಸೀನುವಿಗೆ ಓದು ಹತ್ತದೆ, ಅಪ್ಪ ಒಂದು ಹಳೆಯ ಡೀಸೆಲ್ ಪಿಕಪ್ ಕೊಡಿಸಿದ್ದರು. ಬೆಳಿಗ್ಗೆ, ಮಧ್ಯಾಹ್ನ ಶಾಲೆಯ ಮಕ್ಕಳು. ನಡುವೆ ಸಿಮೆಂಟು, ತರಕಾರಿ, ಸಿಕ್ಕ ಲೋಡು. ಹಿಂದೆ ಎರಡು ಬೆಂಚು ಹಾಕಿ ರೆಕ್ಸಿನ್ ಹೊದಿಸಿದ್ದ. ಹಳೆಯ ಕಾಲದ ಗಾಡಿಯಾದ್ದರಿಂದ ಎಂಜಿನ್ ಮುಂದಿನ ಮೂತಿಯಲ್ಲಿರಲಿಲ್ಲ, ಕ್ಯಾಬಿನ್ನಿನ ಒಳಗೇ, ಡ್ರೈವರ್ ಸೀಟಿನ ಪಕ್ಕದಲ್ಲಿ ಒಂದು ತಗಡಿನ ಮುಚ್ಚಳದ ಕೆಳಗೆ ಇತ್ತು. ಆ ಮುಚ್ಚಳದ ಮೇಲೆ ಗೋಣಿಚೀಲ ಮಡಚಿ ಹಾಕಿ ಅತಿ ಚಿಕ್ಕ ಮಕ್ಕಳಿಬ್ಬರನ್ನು ಕೂರಿಸುತ್ತಿದ್ದ. ಒಬ್ಬಳು ನನ್ನ ಮಗಳು ಮಧುಶ್ರೀ, ಯುಕೆಜಿ. ಚಳಿಗಾಲದಲ್ಲಿ ಅಲ್ಲಿ ಬೆಚ್ಚಗಿರುತ್ತದೆಂದು ಅವಳಿಗೆ ಆ ಜಾಗವೇ ಬೇಕು.

ಸೆಪ್ಟೆಂಬರಿನಲ್ಲಿ ಆ ಶಬ್ದ ಶುರುವಾಯಿತು. ಟಕ್, ಟಕ್, ಟಕ್. ಬಾಲ್ಕನಿಯಲ್ಲಿ ನಿಂತರೆ ಗಾಡಿ ತಿರುವಿಗೆ ಬರುವ ಮೊದಲೇ ಕೇಳುತ್ತಿತ್ತು. ವೇಗ ಹೆಚ್ಚಿಸಿದರೆ ಟಕಟಕಟಕ ಎಂದು ಓಡುತ್ತಿತ್ತು. ನನಗೆ ಎಂಜಿನ್ನಿನ ಬಗ್ಗೆ ಏನೂ ಗೊತ್ತಿಲ್ಲ. ಆದರೆ ಮಗುವಿನ ಕೆಮ್ಮು ಹಗುರವೋ ಎದೆಯೊಳಗಿನದೋ ಎಂದು ಕಿವಿಗೊಡುವಾಗ ಒಂದು ಭಯ ಇರುತ್ತದಲ್ಲ, ಅದೇ ಭಯ.

ಸೀನುವನ್ನು ಕೇಳಿದೆ. "ಏನಿಲ್ಲ ಆಂಟಿ, ಗಾಡಿಗೆ ವಯಸ್ಸಾಯ್ತಲ್ವಾ, ಹಲ್ಲು ಕಡೀತದೆ. ಎಂಜಿನ್ ಮೇಲ್ಗಡೆ ಟ್ಯಾಪೆಟ್ ಲೂಸು ಅಷ್ಟೆ, ಸಣ್ಣ ಕೆಲ್ಸ. ನೀವು ಟೆನ್ಶನ್ ತಗೊಂಡ್ರೆ ನಿಮ್ಗೇ ಬಿಪಿ" ಎಂದು ನಕ್ಕ. ಅವನಿಗಿಂತ ನಾನು ನಾಲ್ಕು ವರ್ಷ ದೊಡ್ಡವಳು, ಅಷ್ಟಕ್ಕೇ ಆಂಟಿ.

ಎರಡು ವಾರ ಸಹಿಸಿದೆ. ಆಮೇಲೆ ರಸ್ತೆ ದಾಟಿ ದುಂಡಪ್ಪನ ಶೆಡ್ಡಿಗೆ ಹೋಗಿ, ದೂರದಲ್ಲೇ ನಿಂತು, ಆ ಶಬ್ದವನ್ನು ನಾಲಿಗೆಯಿಂದ ಮಾಡಿ ತೋರಿಸಿದೆ. ಅವನು ನಗಲಿಲ್ಲ.

"ಇನ್ನೊಮ್ಮೆ ಮಾಡ್ರಿ. ಮುಂಜಾನೆ ಥಂಡಿ ಇದ್ದಾಗ ಹೆಚ್ಚೋ, ಕಾದ ಮ್ಯಾಲ ಹೆಚ್ಚೋ?"

"ಕಾದ ಮೇಲೆ."

"ಲೋಡ್ ಇದ್ದಾಗ?"

"ಮಕ್ಕಳು ತುಂಬಿದ್ದಾಗ ಜಾಸ್ತಿ."

ಅವನ ಮುಖ ಗಂಟಿಕ್ಕಿತು. ಮುಂದಿನ ಭಾನುವಾರ ಸರಳನ್ನು ಹೆಗಲಿಗೇರಿಸಿ ತಾನೇ ಬಂದ. ಪಿಳ್ಳಪ್ಪನವರು ಜಗುಲಿಯ ಮೇಲೆ ಪೇಪರ್ ಓದುತ್ತಿದ್ದರು. "ನೋಡ್ಲಿ ಬಿಡ್ಲಾ ಸೀನ, ನೋಡಿದ್ರೆ ಏನ್ ಸವದೋಯ್ತದಾ" ಎಂದರು.

ತಗಡಿನ ಮುಚ್ಚಳ ತೆಗೆದು ಗಾಡಿ ಸ್ಟಾರ್ಟ್ ಮಾಡಿಸಿ, ದುಂಡಪ್ಪ ಸರಳು ಕಚ್ಚಿದ. ಎಂಜಿನ್ನಿನ ತಲೆಯ ಮೇಲೆ ಒತ್ತಿ ಕೇಳಿದ, ಪಕ್ಕಕ್ಕೆ ಒತ್ತಿ ಕೇಳಿದ, ಕೆಳಗೆ ಬಗ್ಗಿ ಹೊಟ್ಟೆಗೆ ಒತ್ತಿದ. ಕೆಳಗೆ ಒತ್ತಿದಾಗ ಅವನ ದವಡೆಯೇ ಅದುರುತ್ತಿದ್ದದ್ದು ನನಗೆ ಕಾಣಿಸಿತು. ಆಮೇಲೆ ಸ್ಪ್ಯಾನರ್ ತೆಗೆದುಕೊಂಡು, ನಾಲ್ಕು ಸಿಲಿಂಡರಿಗೆ ಡೀಸೆಲ್ ಒಯ್ಯುವ ನಾಲ್ಕು ಸಣ್ಣ ಪೈಪುಗಳಲ್ಲಿ ಮೊದಲನೆಯದರ ನಟ್ಟು ಸಡಿಲಿಸಿದ. ಎಂಜಿನ್ ಕುಂಟಿತು, ಟಕ್ ಟಕ್ ಮಾತ್ರ ಹಾಗೇ ಇತ್ತು. ಬಿಗಿದು ಎರಡನೆಯದು ಸಡಿಲಿಸಿದ. ಹಾಗೇ ಇತ್ತು. ಮೂರನೆಯದನ್ನು ಸಡಿಲಿಸಿದ ಕೂಡಲೇ, ಯಾರೋ ಬಾಗಿಲು ಬಡಿಯುವುದನ್ನು ನಿಲ್ಲಿಸಿದಂತೆ, ಶಬ್ದ ನಿಂತಿತು. ಬಿಗಿದ, ಬಂತು. ಸಡಿಲಿಸಿದ, ನಿಂತಿತು.

"ಟ್ಯಾಪೆಟ್ ಅಲ್ಲ. ಟ್ಯಾಪೆಟ್ ಆದ್ರ ಡೀಸೆಲ್ ಬಂದ್ ಮಾಡಿದ್ರೂ ಬಡಕೊಂತ ಇರ್ತೈತಿ" ಎಂದು ಎದ್ದು ನಿಂತ. "ಮೂರನೇ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋಗೈತಿ. ರಾಡು ತನ್ನ ಮನಿಯೊಳಗ ತಾನ ಕುಣ್ಯಾಕತ್ತೈತಿ. ಇವತ್ತಲ್ಲ ನಾಳೆ ಮುರಿತೈತಿ. ಮುರದ್ರ ಎಂಜಿನ್ ಒಡದು ಹೊರಗ ಬರ್ತೈತಿ."

"ಓವರ್ ಬಿಲ್ಡಪ್ ಗುರು" ಎಂದ ಸೀನು. "ಟ್ಯಾಪೆಟ್ ಟೈಟ್ ಮಾಡಿ ಹೋಗು."

ದುಂಡಪ್ಪ ಆಯಿಲ್ ನೋಡುವ ಕಡ್ಡಿ ಎಳೆದು, ಸೀನುವಿನ ಕೈ ಹಿಡಿದು, ಅಂಗೈಗೆ ಸವರಿ, ಆ ಅಂಗೈಯನ್ನು ಬಿಸಿಲಿಗೆ ತಿರುಗಿಸಿದ. ಕಪ್ಪು ಎಣ್ಣೆಯಲ್ಲಿ ಬೆಳ್ಳಿಯಂಥ ಪುಡಿ ಮಿಂಚುತ್ತಿತ್ತು. "ಇದು ಟ್ಯಾಪೆಟ್ಟೇನಲೇ? ಇದು ಬೇರಿಂಗಿನ ಮಾಂಸ." ಸೀನು ಕೈ ಕೊಡವಿಕೊಂಡ. ಹಿಡಿತಕ್ಕೆ ಅವನ ಮಣಿಕಟ್ಟು ಕೆಂಪಾಗಿತ್ತು.

ಆಗಲೇ ದುಂಡಪ್ಪ ಹುಬ್ಬಳ್ಳಿಯ ಕತೆ ಹೇಳಿದ್ದು. ಇಂಥದೇ ಕ್ಯಾಬಿನ್ನಿನ ಗಾಡಿ, ಇಂಥದೇ ಶಬ್ದ. ಕ್ಲೀನರ್ ಎಂಜಿನ್ ಪೆಟ್ಟಿಗೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ. ಘಟ್ಟ ಏರುವಾಗ ರಾಡು ಮುರಿದು, ಎಂಜಿನ್ನಿನ ಪಕ್ಕೆ ಒಡೆದು, ತಗಡನ್ನು ಸೀಳಿಕೊಂಡು ಬಂತು. ಅದರ ಹಿಂದೆಯೇ ಕುದಿಯುವ ಎಣ್ಣೆ. "ಮೊಣಕಾಲಿನ ಕೆಳಗ ಏನೂ ಉಳೀಲಿಲ್ಲ. ನಾನ ಎತ್ತಿ ಇಳಿಸೀನಿ. ಚಕ್ಕಳ ನನ್ನ ಕೈಗೆ ಬಂತು." ಪಿಳ್ಳಪ್ಪನವರು ಪೇಪರ್ ಮಡಚಿದರು.

"ಎಷ್ಟ್ ದಿನದ ಕೆಲ್ಸ?" ಎಂದರು ಪಿಳ್ಳಪ್ಪ.

"ಮೂರು ದಿನ. ಅಲ್ಲೀತನ ಹುಡುಗರನ್ನ ಕೂಡ್ರಿಸಬ್ಯಾಡ್ರಿ."

"ನಾಳೆಯಿಂದ ದಸರಾ ರಜ. ಹಬ್ಬ ಕಳೀಲಿ, ಬಿಚ್ಚಿಸ್ತೀನಿ."

ಆದರೆ ಹಬ್ಬವೆಂದರೆ ಸೀನುವಿಗೆ ಲೋಡು. ಮಾರ್ಕೆಟ್ಟಿನಿಂದ ಬೂದುಗುಂಬಳ, ಬಾಳೆಕಂದು, ಚೆಂಡುಹೂವು. ಮೂರು ದಿನ ಗಾಡಿ ನಿಲ್ಲಿಸುವ ಮಾತು ಅವನ ಕಿವಿಗೆ ಹೋಗಲೇ ಇಲ್ಲ. ಟಕ್ ಟಕ್ ಎನ್ನುತ್ತಲೇ ಓಡಿಸಿದ. ಆಯುಧಪೂಜೆಯ ಹಿಂದಿನ ದಿನ ನಾನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಪಿಕಪ್ ಬಂತು. ಶಬ್ದವಿಲ್ಲ. ನಿಜವಾಗಿಯೂ ಇಲ್ಲ. ಕ್ಲಿಪ್ಪು ಕೈಯಲ್ಲಿ ಹಿಡಿದು ಕೇಳುತ್ತ ನಿಂತೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ರಿಪೇರಿ ಮಾಡಿಸಿರಬೇಕು ಎಂದುಕೊಂಡೆ. ಯಾರು, ಯಾವಾಗ ಎಂದು ಕೇಳಿಕೊಳ್ಳಲಿಲ್ಲ. ಹೆದರಿಕೆ ಹೋಗುವುದಾದರೆ ನಾವು ಪ್ರಶ್ನೆ ಕೇಳುವುದಿಲ್ಲ.

ಮರುದಿನ ಹೂವು ತರಲು ಹೋದಾಗ ದುಂಡಪ್ಪನ ಶೆಡ್ಡು ಗುರುತೇ ಸಿಗದಷ್ಟು ಚೊಕ್ಕಟವಾಗಿತ್ತು. ನೆಲ ತೊಳೆದು ರಂಗೋಲಿ ಹಾಕಿದ್ದರು. ಸ್ಪ್ಯಾನರು, ಜಾಕು, ಸುತ್ತಿಗೆ, ಆ ಕಚ್ಚುವ ಸರಳು, ಎಲ್ಲಕ್ಕೂ ವಿಭೂತಿ ಬಳಿದು, ಚೆಂಡುಹೂವು ಸುತ್ತಿ, ಬಿಳಿ ಪಂಚೆಯ ಮೇಲೆ ಮಲಗಿಸಿದ್ದರು. ಅವತ್ತು ಪೂಜೆಗಿಟ್ಟ ಆಯುಧವನ್ನು ಮರುದಿನ ವಿಜಯದಶಮಿಯ ತನಕ ಮುಟ್ಟುವಂತಿಲ್ಲ. ಮಂತ್ರಿ ಬಂದು ಬೇಡಿದರೂ ಮೆಕ್ಯಾನಿಕ್ ಒಂದು ನಟ್ಟು ತಿರುಗಿಸುವುದಿಲ್ಲ. ಕೆಂಚವ್ವ ನನಗೆ ಮಂಡಕ್ಕಿ, ಬೆಲ್ಲ ಕೊಟ್ಟಳು. ದುಂಡಪ್ಪ ಬಿಳಿ ಅಂಗಿಯಲ್ಲಿ ಮದುಮಗನ ಹಾಗೆ ಕೂತಿದ್ದ. ಏನಾದರೂ ಒಳ್ಳೆಯ ಮಾತಾಡಬೇಕಲ್ಲ ಎಂದು ನಾನು ಹೇಳಿದೆ:

"ಸೀನು ಗಾಡಿ ಶಬ್ದ ಹೋಯ್ತು. ನಿಮ್ಮ ಮಾತು ಕೇಳಿ ಮಾಡಿಸಿದ್ರು ಅನ್ಸುತ್ತೆ."

ಅವನು ಬಾಯಲ್ಲಿದ್ದ ಮಂಡಕ್ಕಿ ಅಗಿಯುವುದನ್ನು ನಿಲ್ಲಿಸಿದ. "ಯಾವಾಗ ಬಿಚ್ಚಿದ್ರು? ಗಾಡಿ ದಿನಾ ಓಡೈತಲ್ಲ."

"ನಿನ್ನೆಯಿಂದ ಶಬ್ದ ಇಲ್ಲ."

"ಅದಕ್ಕೇನು ಕಾಲೈತೇನ್ರಿ ಹೋಗಾಕ? ಯಾರೋ ಬಾಯಿ ಮುಚ್ಚಿಸ್ಯಾರ." ಎದ್ದು ಚಪ್ಪಲಿಯಿಲ್ಲದೆ ನಡೆದ. ನಾನು ಹಿಂದೆಯೇ ಓಡಿದೆ. ಮಧು ಆ ಗಾಡಿಯಲ್ಲೇ ಇದ್ದಳಲ್ಲ.

ನಮ್ಮ ಕಡೆ ಆಯುಧಪೂಜೆಯ ಗಾಡಿಗೆ ಒಂದು ಪದ್ಧತಿಯಿದೆ. ಪೂಜೆ ಮುಗಿದ ಮೇಲೆ, ಚಕ್ರದ ಕೆಳಗಿಟ್ಟ ನಿಂಬೆಹಣ್ಣಿನ ಮೇಲೆ ಹತ್ತಿಸಿ, ಬೀದಿಯ ಮಕ್ಕಳನ್ನೆಲ್ಲ ತುಂಬಿಕೊಂಡು ಒಂದು ಸುತ್ತು. ಸೀನು ರಿಂಗ್ ರೋಡಿಗೆ ಇಳಿದು ಬನಶಂಕರಿ ದೇವಸ್ಥಾನದ ತನಕ ಹೋಗಿಬರುತ್ತೇನೆಂದು ಸಾರಿದ್ದ. ಹಿಂದೆ ಹದಿಮೂರು ಮಕ್ಕಳು. ಮಧು ತನ್ನ ಜಾಗದಲ್ಲಿ, ಎಂಜಿನ್ ಪೆಟ್ಟಿಗೆಯ ಮೇಲೆ, ಇನ್ನೊಂದು ಪುಟ್ಟ ಮಗುವಿನ ಪಕ್ಕ, ಬಲೂನು ಹಿಡಿದು. ಹೂ ತರಲು ಹೊರಡುವ ಮುಂಚೆ ನಾನೇ ಅವಳನ್ನು ಎತ್ತಿ ಕೂರಿಸಿದ್ದೆ. "ದೇವರ ಗಾಡಿ ಕಣಮ್ಮ, ಏನಾಗಲ್ಲ" ಎಂದು ಸೀನುವಿನ ತಾಯಿ ಪಾರ್ವತಮ್ಮ ಹೇಳಿದ್ದರು. ಶಬ್ದವೂ ಹೋಗಿತ್ತಲ್ಲ.

ದುಂಡಪ್ಪ ಬಂದಾಗ ಕುಂಬಳಕಾಯಿ ಒಡೆದಾಗಿತ್ತು. ರಸ್ತೆಯ ತುಂಬ ಕುಂಕುಮ ಹತ್ತಿದ ಹೋಳುಗಳು. ಎಂಜಿನ್ ಓಡುತ್ತಿತ್ತು. ಅವನು ಕ್ಯಾಬಿನ್ನಿಗೆ ಕೈ ಹಾಕಿ, ಮಧುವಿನ ಕಾಲ ಪಕ್ಕದಿಂದ ಆಯಿಲಿನ ಕಡ್ಡಿ ಎಳೆದು, ಬೆರಳಿಗೆ ತಾಗಿಸಿ ನೋಡಿದ. ಎಣ್ಣೆ ಜೋನಿ ಬೆಲ್ಲದ ಹಾಗೆ ಎಳೆ ಎಳೆಯಾಗಿ ಬಂತು.

"ಗೇರ್ ಆಯಿಲ್ ಹಾಕೀಯೇನಪಾ? ಶಬ್ದ ಮುಚ್ಚಾಕ? ಇಷ್ಟು ದಪ್ಪ ಎಣ್ಣಿ ಬೇರಿಂಗಿಗೆ ಮುಟ್ಟೂದಿಲ್ಲ. ರಾಡು ಒಣಾ ತಿರಗತೈತಿ."

"ಆಂಟಿಗಳಿಗೆ ಶಬ್ದ ಬೇಡ ಅಂತೆ, ತೆಗ್ದೆ" ಎಂದು ಸೀನು ನನ್ನತ್ತ ಕಣ್ಣು ಹೊಡೆದ. ಅವನ ಗೆಳೆಯರಿಬ್ಬರು ನಕ್ಕರು.

"ಬಂದ್ ಮಾಡು. ಹುಡುಗರನ್ನ ಇಳಿಸು." ದುಂಡಪ್ಪ ಕೈ ಮುಗಿದ. ಕಪಾಳಕ್ಕೆ ಹೊಡೆಯುವ ಆ ಕೈಗಳು ಮುಗಿದದ್ದನ್ನು ನಾನು ನೋಡಿದೆ. "ನಾಳೆ ನಾನ ಪುಕ್ಕಟೆ ಬಿಚ್ಚಿ ಕೊಡ್ತೀನಿ."

"ಇವತ್ತು ನಿನ್ನ ಸ್ಪ್ಯಾನರೆಲ್ಲ ಮಲಗಿದಾವಲ್ಲ, ನೀನೂ ಹೋಗಿ ಮಲ್ಕೋ ಗುರು."

ದುಂಡಪ್ಪ ಕಿಟಕಿಯೊಳಗೆ ಕೈ ಹಾಕಿ ಕೀಲಿಗೆ ಚಾಚಿದ. ಸೀನು ಅವನ ಬೆರಳನ್ನು ಹಿಂದಕ್ಕೆ ತಿರುಚಿದ. ಗೆಳೆಯನೊಬ್ಬ ಹಿಂದಿನಿಂದ ಸೊಂಟಕ್ಕೆ ಒದ್ದ. ದುಂಡಪ್ಪ ಕುಂಬಳದ ಹೋಳುಗಳ ಮೇಲೆ ಜಾರಿ ಮುಖ ಅಡಿಯಾಗಿ ಬಿದ್ದ. ಎದ್ದ. ಬಿಳಿ ಅಂಗಿಯ ಎದೆಯೆಲ್ಲ ಕೆಂಪು. ಯಾರಿಗೂ ಹೊಡೆಯದೆ ತಿರುಗಿ ಶೆಡ್ಡಿನ ಕಡೆ ಓಡಿದ. ಹೋದ ಎಂದುಕೊಂಡರು ಎಲ್ಲರೂ. ನಾನು ಮಧುವನ್ನು ಇಳಿಸಲು ಹೋದರೆ ಪಾರ್ವತಮ್ಮ, "ಅಪಶಕುನ ಕಣಮ್ಮ, ಹತ್ತಿದ್ ಮಗೀನ ಇಳಿಸಬ್ಯಾಡ" ಎಂದು ನನ್ನ ತೋಳು ಹಿಡಿದರು. ನಾನು ನಿಂತುಬಿಟ್ಟೆ. ಪೂರ್ತಿ ಅರ್ಧ ನಿಮಿಷ.

ಅವನು ಮರಳಿ ಬಂದಾಗ ಕೈಯಲ್ಲಿ ದೊಡ್ಡ ಸುತ್ತಿಗೆ. ಹಿಡಿಗೆ ಸುತ್ತಿದ ಚೆಂಡುಹೂವು ಹಾಗೇ ಇತ್ತು. "ಪೂಜೆಗಿಟ್ಟಿದ್ದು ಎತ್ತಿದ್ನಲ್ಲಪ್ಪೋ" ಎಂದು ಯಾರೋ ಕಿರುಚಿದರು. ಗಾಡಿ ಮುಂದಕ್ಕೆ ಹೊರಟಿತ್ತು, ನಿಂಬೆಹಣ್ಣು ಪಚಕ್ಕೆಂದಿತ್ತು. ಅಡ್ಡ ಬಂದ ಅವನನ್ನು ಕಂಡು ಸೀನು ಬ್ರೇಕ್ ಒತ್ತಿದ. ದುಂಡಪ್ಪ ಎಡಗಡೆಯ ಬಾಗಿಲು ಕಿತ್ತಂತೆ ತೆಗೆದು, ಒಂದೇ ಕೈಯಲ್ಲಿ ಮಧುವನ್ನು ಬಾಚಿ ನನ್ನ ಎದೆಗೆ ಎಸೆದ. ಇನ್ನೊಂದು ಮಗುವನ್ನು ರಸ್ತೆಗೆ ಇಳಿಸಿದ. ತಗಡಿನ ಮುಚ್ಚಳ ಕಿತ್ತು ಬಿಸಾಡಿದ. ಸುತ್ತಿಗೆ ಎತ್ತಿ ಹೊಡೆದ. ಡೀಸೆಲ್ ಪಂಪು ಒಡೆಯಿತು. ಇನ್ನೊಂದು ಹೊಡೆತ, ಆ ನಾಲ್ಕು ಪೈಪುಗಳು ಮುರಿದು ಡೀಸೆಲ್ ಕಾರಂಜಿಯಾಗಿ ಹಾರಿ ಅವನ ಕಣ್ಣಿಗೇ ಬಿತ್ತು. ಇನ್ನೊಂದು. ಎಂಜಿನ್ ಕೆಮ್ಮಿ ಸತ್ತಿತು. ಹಿಂದೆ ಮಕ್ಕಳು ಚೀರುತ್ತಿದ್ದರು. ಸೀನು ಆ ಕಡೆ ಬಾಗಿಲಿನಿಂದ ಹಾರಿ, ಮೊಣಕಾಲು ತರಚಿಕೊಂಡ.

ಆಮೇಲೆ ಆದದ್ದನ್ನು ನಾನು ನಿಧಾನವಾಗಿ ಬರೆಯಬೇಕು. ದುಂಡಪ್ಪ ಸುತ್ತಿಗೆಯನ್ನು ಕೆಳಗೆ ಹಾಕಿದ. ಎಸೆಯಲಿಲ್ಲ, ಕೆಳಗೆ ಇಟ್ಟ ಹಾಗೆ ಬಿಟ್ಟ, ನನ್ನ ಕಾಲಿನಿಂದ ಒಂದು ಗೇಣು ದೂರದಲ್ಲಿ. ಎರಡೂ ಕೈಯಿಂದ ಕಣ್ಣಿನ ಡೀಸೆಲ್ ಒರೆಸಿಕೊಳ್ಳುತ್ತಿದ್ದ. ಸೀನು ಗಾಡಿಯ ಹಿಂದಿನಿಂದ ಜಾಕಿನ ರಾಡು ಎಳೆದುಕೊಂಡು ಬಂದದ್ದು ಆಗ. ಕಣ್ಣು ಕಾಣದ ಮನುಷ್ಯನ ಬಾಯಿಗೆ ಅಡ್ಡಲಾಗಿ ಬೀಸಿದ. ತೆಂಗಿನಕಾಯಿ ಒಡೆದಂಥ ಶಬ್ದ. ದುಂಡಪ್ಪ ಮಂಡಿಯೂರಿದ. ಮತ್ತೆ ದವಡೆಗೆ. ಬಿದ್ದ ಮೇಲೆ ಗೆಳೆಯರಿಬ್ಬರು ಪಕ್ಕೆಗೆ ಒದ್ದರು, ಬೆರಳುಗಳ ಮೇಲೆ ನಿಂತು ಹೊಸಕಿದರು. ಕುಂಕುಮ ಯಾವುದು, ರಕ್ತ ಯಾವುದು ಗೊತ್ತಾಗುತ್ತಿರಲಿಲ್ಲ. ಪಿಳ್ಳಪ್ಪನವರು ಕರ್ಪೂರದ ತಟ್ಟೆ ಹಿಡಿದು ಕಲ್ಲಿನಂತೆ ನಿಂತಿದ್ದರು. "ಸತ್ತೋಯ್ತಾನೆ ಬಿಡ್ರೋ" ಎಂದು ಕೊನೆಗೆ ಕೂಗಿದ್ದು ಪಾರ್ವತಮ್ಮನೇ. ಕೆಂಚವ್ವ ಓಡಿಬಂದು ಅವನ ಮೇಲೆ ಬೋರಲು ಬಿದ್ದಳು. ಒಂದು ಒದೆತ ಅವಳಿಗೂ ಬಿತ್ತು.

ಮಧುವಿನ ಮುಖವನ್ನು ನನ್ನ ಹೆಗಲಿಗೆ ಒತ್ತಿ ಮೆಟ್ಟಿಲು ಹತ್ತಿಬಿಟ್ಟೆ.

ಸಾಯಂಕಾಲ ಪೊಲೀಸರು ಮನೆ ಮನೆಗೆ ಬಂದರು. ಸುತ್ತಿಗೆಯಿಂದ ಸೀನುವಿನ ತಲೆ ಒಡೆಯಲು ಬಂದ, ಪ್ರಾಣ ಉಳಿಸಿಕೊಳ್ಳಲು ತಡೆದೆವು ಎಂದು ದೂರು ಬರೆಸಿಯಾಗಿತ್ತು. ಬೀದಿಯಲ್ಲಿ ಎಲ್ಲರೂ ಹೂಂ ಅಂದಿದ್ದರು. ದುಂಡಪ್ಪ ಎಂಥವನೆಂದು ಎಲ್ಲರಿಗೂ ಗೊತ್ತಿತ್ತಲ್ಲ. ಅವನಿಂದ ಏಟು ತಿಂದವರೇ ನಾಲ್ಕು ಜನ ಇದ್ದರು. ಜನ್ಮದಲ್ಲಿ ಒಂದೇ ಒಂದು ದಿನ ಮನುಷ್ಯರನ್ನು ಬಿಟ್ಟು ಕಬ್ಬಿಣಕ್ಕೆ ಹೊಡೆದ ಎಂದರೆ ಯಾರು ನಂಬುತ್ತಾರೆ? ಪೇದೆ ನನ್ನನ್ನೂ ಕೇಳಿದ. "ಮಗುನ ನೋಡ್ಕೋತಿದ್ದೆ ಸಾರ್, ಸರಿಯಾಗಿ ನೋಡ್ಲಿಲ್ಲ" ಎಂದೆ. ಅವನು ಬರೆದುಕೊಂಡು ಹೋದ.

ಇವತ್ತು ಬೆಳಿಗ್ಗೆ ಕೆಂಚವ್ವ ಬಂದಳು. ತುಟಿ ಒಡೆದಿತ್ತು. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತಳು.

"ಗಾಡಿ ಸ್ಟೇಶನ್ನಿನಾಗ ಐತ್ರಿ. ಇವತ್ತು ಸಂಜೀಕ ಅವರಿಗೆ ಬಿಡ್ತಾರಂತ. ಬಿಟ್ರ ಆ ಎಣ್ಣಿ ಚೆಲ್ಲಿ, ಬೇರಿಂಗ್ ಹೊಸಾದು ಹಾಕಿ, ಏನೂ ಆಗಿದ್ದಿಲ್ಲ ಅಂತಾರ. ವಕೀಲರು ಅಂದ್ರು, ಒಬ್ರರೆ ಕಂಡವರು ಬೇಕಂತ."

"ನನ್ನ ಗಂಡ ಊರಲ್ಲಿಲ್ಲ ಕೆಂಚವ್ವ."

"ಸುಳ್ಳು ಹೇಳ್ರಿ ಅನ್ನೂದಿಲ್ಲ. ಅವ ಮಂದೀಗೆ ಬಡದಾನ, ನನಗೂ ಬಡದಾನ. ಅದನ್ನೂ ಹೇಳ್ರಿ. ಇದನ್ನೂ ಹೇಳ್ರಿ." ಅಷ್ಟೇ. ಅಳಲಿಲ್ಲ. ಮೆಟ್ಟಿಲ ಮೇಲೆ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಳಿದುಹೋದಳು.

ಹತ್ತು ನಿಮಿಷಕ್ಕೆ ಪಾರ್ವತಮ್ಮ ಬಂದರು, ಬಟ್ಟಲಲ್ಲಿ ಹುಗ್ಗಿ ಹಿಡಿದು. ಮಧುವಿಗೆ ಜ್ವರ ಬಂದು ನಾನು ದಿಕ್ಕೆಟ್ಟು ಕೂತಾಗ ರಾತ್ರಿಯಿಡೀ ಒದ್ದೆ ಬಟ್ಟೆ ಹಾಕಿದ ಕೈಗಳು ಅವು. "ಅವ್ಳು ಬಂದಿದ್ದಳಾ? ನೀನ್ ಯಾಕವ್ವ ತಲೆ ಕೆಡಿಸ್ಕೋತೀಯಾ. ಸೀನಂಗೆ ಸಂಕ್ರಾಂತಿ ಕಳೀತಿದ್ದಂಗೆ ಮದ್ವೆ. ಪೋಲೀಸು ಕೋರ್ಟು ಅಂದ್ರೆ ಹೆಣ್ಣಿನ ಕಡೆಯೋರು ಏನಂತಾರೆ? ನಿಮ್ಮನ್ನ ಬಾಡಿಗೆಯೋರು ಅಂತ ಎಂದಾದ್ರೂ ಕಂಡಿದೀವಾ? ಅಂಗ್ ಕಾಣೋ ಅಂಗೆ ಮಾಡ್ಬ್ಯಾಡ." ಬಟ್ಟಲನ್ನು ಮೇಜಿನ ಮೇಲಿಟ್ಟು, ಮಧುವಿನ ಕೆನ್ನೆ ಸವರಿ ಹೋದರು.

ರವಿಕುಮಾರ್‌ಗೆ ಫೋನ್ ಮಾಡಿದೆ. "ಮನೆ ಖಾಲಿ ಮಾಡು ಅಂದ್ರೆ ವರ್ಷದ ಮಧ್ಯೆ ಎಲ್ಲಿಗೆ ಹೋಗೋಣ? ಸ್ಕೂಲು? ಸೀನು ಕೈಯಲ್ಲಿ ರಾಡ್ ಹಿಡಿದದ್ದು ನೀನೇ ನೋಡಿದೀಯ. ನಾನು ಊರಲ್ಲಿ ಇರಲ್ಲ. ಯೋಚ್ನೆ ಮಾಡು" ಎಂದರು. ಅವರ ಮಾತಿನಲ್ಲಿ ಒಂದೂ ಸುಳ್ಳಿರಲಿಲ್ಲ. ಫೋನಿಟ್ಟು, ಬಾಗಿಲಿಗೆ ಚಿಲಕ ಹಾಕಿದೆ. ಹಗಲು ಹನ್ನೊಂದು ಗಂಟೆಗೆ.

ಮಧು ನೆಲದ ಮೇಲೆ ಬಣ್ಣ ಹಚ್ಚುತ್ತಿದ್ದಳು. ಅಂಥ ಶಬ್ದ ಕೇಳಿದ ಮಗು ಐದು ದಿನದಲ್ಲಿ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಮರೆತಿದ್ದಾಳೆ ಎಂದು ನಾನು ದೇವರಿಗೆ ಕೈ ಮುಗಿದಿದ್ದೆ. ಈಗ ತಲೆಯೆತ್ತದೆಯೇ ಕೇಳಿದಳು:

"ಅಮ್ಮ, ಪೊಲೀಸ್ ಅಂಕಲ್‌ಗೆ ನೀನು ಯಾಕೆ ನೋಡಿಲ್ಲ ಅಂದೆ?"

"ನಾನು ನಿನ್ನ ಎತ್ಕೊಂಡಿದ್ನಲ್ಲ ಪುಟ್ಟಿ."

"ಎತ್ಕೊಂಡು ನೋಡ್ತಾ ಇದ್ದೆ. ನಾನೂ ನೋಡ್ದೆ. ಆ ಅಂಕಲ್ ಸುತ್ತಿಗೆ ಕೆಳಗಿಟ್ರು. ಆಮೇಲೆ ಸೀನು ಮಾಮ ಹೊಡೆದ." ಕೆಂಪು ಬಣ್ಣ ಹುಡುಕಿ ತೆಗೆದುಕೊಂಡಳು. "ಪೊಲೀಸ್ ಅಂಕಲ್ ಮತ್ತೆ ಬಂದ್ರೆ ನಾನು ಹೇಳ್ಲಾ?"

ಅವಳು ಹೇಳುತ್ತಾಳೆ. ಇವತ್ತಲ್ಲ ನಾಳೆ, ಮೆಟ್ಟಿಲ ಮೇಲೆ, ಜಗುಲಿಯಲ್ಲಿ, ಸೀನುವಿನ ಎದುರಿಗೇ, ಈಗ ಹೇಳಿದಷ್ಟೇ ಸಲೀಸಾಗಿ ಹೇಳುತ್ತಾಳೆ. ನಾನು ಬಾಯಿ ಮುಚ್ಚಿಕೊಂಡರೆ ಈ ಮನೆಯಲ್ಲಿ ನೋಡಿದವಳೆಂದು ಉಳಿಯುವುದು ಅವಳೊಬ್ಬಳೇ.

ಡೈರೆಕ್ಟರಿಯಲ್ಲಿ ಸ್ಟೇಶನ್ನಿನ ನಂಬರ್ ಹುಡುಕಿದೆ. ಎರಡು ಸಲ ತಪ್ಪು ಒತ್ತಿ ಇಟ್ಟೆ. ಮೂರನೇ ಸಲ ಆ ಕಡೆಯಿಂದ ದಪ್ಪ ದನಿ, "ಹೇಳಿ" ಎಂದಿತು.

"ಸಾರ್, ಆಯುಧಪೂಜೆ ದಿನದ ಗಲಾಟೆ... ದುಂಡಪ್ಪ ಅಂತ. ನಾನು ಅವತ್ತು ನೋಡಿಲ್ಲ ಅಂತ ಹೇಳಿದ್ದೆ. ನೋಡಿದೀನಿ. ಏಟು ಬಿದ್ದಾಗ ಸುತ್ತಿಗೆ ಅವರ ಕೈಯಲ್ಲಿರಲಿಲ್ಲ, ನನ್ನ ಕಾಲ ಹತ್ರ ಇತ್ತು. ಮತ್ತೆ ಆ ಗಾಡಿ, ಸಾರ್, ಬಿಡೋಕೆ ಮುಂಚೆ ಎಂಜಿನ್ ಆಯಿಲ್ ಇಳಿಸಿ ನೋಡ್ಸಿ. ಮೂರನೇ ರಾಡು ನೋಡ್ಸಿ."

"ನೀವು ಏನಾಗ್ಬೇಕಮ್ಮ ಅವನಿಗೆ?"

"ಏನೂ ಇಲ್ಲ. ನನ್ನ ಮಗಳು ಆ ಗಾಡಿಯಲ್ಲಿದ್ಲು."

ಕಾಗದ ಸರಿಸುವ ಸದ್ದು. "ಹೆಸ್ರು ಹೇಳಿ."

"ವಿಜಯಲಕ್ಷ್ಮಿ."

"ಎಲ್ಲಿರೋದು?"

"ಪಿಳ್ಳಪ್ಪನವರ ಮನೆ ಸಾರ್" ಎಂದೆ. "ಎರಡನೇ ಮಹಡಿ."